ಮುಯ್ಯಿ ಪುಸ್ತಕ ಮತ್ತು ಇಪ್ಪತ್ತು ಗುಂಟೆ

(ಮೈಸೂರಿನ ಬಡಾವಣೆಯೊಂದರ ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಟ್ಟವರು ನನ್ನನ್ನು ‘ಸಮಾಜ ಸೇವಕಿ’ ಅಂದರು. ಹಾರ ಹಾಕಿಸಿಕೊಂಡ ಮೇಲೆ ತಕರಾರು ತೆಗೆಯುವುದು ಚೆನ್ನಾಗಿರುವುದಿಲ್ಲ, ಆದರೂ ಹೇಳಿಬಿಡುತ್ತೇನೆ. ನಾವು ಬಡಾವಣೆಯ ಕೆಲವು ಮನೆಯವರು ಕೂಡಿ ಬೆಳೆಯುವ ತರಕಾರಿ ತೋಟದಲ್ಲಿ ಒಂದು ಪುಸ್ತಕ ಇದೆ. ಉದ್ದನೆಯದು, ಕೆಂಪು ಬೈಂಡಿನದು, ದಿನಸಿ ಅಂಗಡಿಯವರು ಸಾಲ ಬರೆದಿಡುವಂಥದ್ದು. ಅದರಲ್ಲಿ ಇವತ್ತಿಗೆ ನಮ್ಮ ಮನೆಯ ಹೆಸರಿನ ಮುಂದೆ ಮೂರು ಆಳು ಬಾಕಿ ಇದೆ. ಮೂರು ಮನೆಯವರು ನನ್ನ ಮಡಿಗೆ, ಅಂದರೆ ನನ್ನ ಪಾಲಿನ ತರಕಾರಿ ಪಾತಿಗೆ, ಬಂದು ಒಂದೊಂದು ಬೆಳಗ್ಗೆ ಕೆಲಸ ಮಾಡಿ ಹೋಗಿದ್ದಾರೆ, ನಾನಿನ್ನೂ ಅವರ ಮಡಿಗೆ ಹೋಗಿಲ್ಲ. ಮಂಡಿನೋವು ಅಂತ ಒಂದು ತಿಂಗಳು ತಪ್ಪಿಸಿಕೊಂಡೆ. ಹಾಗಾಗಿ ನಾನು ಸೇವಕಿ ಅಲ್ಲ, ಸಾಲಗಾರ್ತಿ. ಇವತ್ತಿನ ಮಾತೂ ಹೆಚ್ಚುಕಮ್ಮಿ ಆ ಪುಸ್ತಕದ ಬಗ್ಗೆಯೇ.

ತೋಟ ನೋಡದೆ ಇರುವವರಿಗಾಗಿ: ಬಡಾವಣೆಯ ಕೊನೇ ಅಡ್ಡರಸ್ತೆ ಮುಗಿದು ಹಳೇ ಊರು ಶುರುವಾಗುವ ಸಂದಿಯಲ್ಲಿ ಇಪ್ಪತ್ತು ಗುಂಟೆ, ಅಂದರೆ ಅರ್ಧ ಎಕರೆ ನೆಲ. ಒಂದು ಕಡೆ ಅಪಾರ್ಟ್‌ಮೆಂಟಿನ ಕಾಂಪೌಂಡು, ಇನ್ನೊಂದು ಕಡೆ ಮಾರಮ್ಮನ ಗುಡಿ. ಸುತ್ತಲ ಹೊಲಗಳೆಲ್ಲ ನಮ್ಮ ನಿಮ್ಮ ಮನೆಗಳಾದವು, ಇದೊಂದು ಉಳಿಯಿತು. ಆ ನೆಲದ ಯಜಮಾನರಿಗೆ ಎಪ್ಪತ್ತು ದಾಟಿದೆ. ನಾವು ಹೋದಾಗ ಅಲ್ಲಿ ಇದ್ದದ್ದು ಎದೆಯೆತ್ತರದ ಕಾಂಗ್ರೆಸ್ ಗಿಡ, ಯಾರೋ ರಾತ್ರಿ ಸುರಿದು ಹೋದ ಕಟ್ಟಡದ ಗಾರೆ ಚೂರು, ಒಡೆದ ಟೈಲ್ಸು. ಈರನಗೆರೆ ಬದನೆ ಅಂತ ಹೆಸರು ಕೇಳಿದ್ದೀರಲ್ಲ, ಆ ಈರನಗೆರೆಗೆ ಈಗ ಹೋದರೆ ಮನೆ ಮೇಲೆ ಮನೆ. ಬದನೆಗೆ ಊರಿನ ಹೆಸರು ಉಳಿಯಿತು, ಊರಲ್ಲಿ ಬದನೆಗೆ ಜಾಗ ಉಳಿಯಲಿಲ್ಲ. ನಮ್ಮದೇನೂ ಹೊಸ ಕಥೆಯಲ್ಲ.

ಮೊದಲನೇ ವರ್ಷ ನಾವು ಎಲ್ಲರಂತೆ ಶುರುಮಾಡಿದೆವು. ವಾಟ್ಸಾಪ್ ಗ್ರೂಪು, ಬ್ಯಾನರು, ಟೋಪಿ. ‘ಸ್ವಯಂಸೇವಕರು ಬೇಕಾಗಿದ್ದಾರೆ’ ಅಂತ ಒಂದು ಪೋಸ್ಟರು. ಮೊದಲ ಭಾನುವಾರ ಬಂದ ಜನಕ್ಕೆ ಸಲಿಕೆ ಸಾಲಲಿಲ್ಲ. ಸಲಿಕೆ ಸಿಗದವರು ಫೋಟೋ ತೆಗೆದರು, ಫೋಟೋ ಬೇಡವಾದವರು ನಿಂತು ಸಲಹೆ ಕೊಟ್ಟರು. ಆಷಾಢ ಬರುವ ಹೊತ್ತಿಗೆ ಏಳು ಜನ ಉಳಿದಿದ್ದೆವು, ಅದರಲ್ಲಿ ಇಬ್ಬರು ಗಂಡ ಹೆಂಡತಿ, ಒಬ್ಬರಿಗೊಬ್ಬರು ಜಗಳವಾಡಿಕೊಂಡು ಬರುತ್ತಿದ್ದವರು. ಗ್ರೂಪಿನಲ್ಲಿ ಮಾತ್ರ ಇನ್ನೂರಕ್ಕೂ ಹೆಚ್ಚು ಮಂದಿ ‘ಸೂಪರ್’ ಅಂತ ಹೆಬ್ಬೆಟ್ಟು ಒತ್ತುತ್ತಿದ್ದರು.

ಬಂದವರನ್ನು ಆಡಿಕೊಳ್ಳುತ್ತಿಲ್ಲ. ಸೇವೆ ಅಂದಮೇಲೆ ಅದು ಮನಸ್ಸಿಗೆ ಬಂದಾಗ ಮಾಡುವಂಥದ್ದು. ಮಗಳ ಪರೀಕ್ಷೆ ಇದ್ದರೆ ಸೇವೆ ಮುಂದಕ್ಕೆ ಹೋಗುತ್ತದೆ, ನೆಂಟರು ಬಂದರೆ ಮುಂದಕ್ಕೆ ಹೋಗುತ್ತದೆ. ಆದರೆ ಹೀರೇ ಬಳ್ಳಿಗೆ ನೆಂಟರು ಬಂದದ್ದು ತಿಳಿಯುವುದಿಲ್ಲ.

ತಿಳಿಯದ್ದು ನಮಗೂ ಬಹಳ ಇತ್ತು. ಅವರೆಯ ಕಥೆ ಹೇಳಲೇಬೇಕು. ಮೈಸೂರಿನವರಿಗೆ ಅವರೆಕಾಯಿ ಅಂದರೆ ಗೊತ್ತಲ್ಲ, ಸೊಗಡು ಮೂಗಿಗೆ ಬಂದರೆ ಸಾಕು, ಹಿದುಕಿದಬೇಳೆ ಸಾರಿನ ತನಕ ಮನಸ್ಸು ಓಡುತ್ತದೆ. ಯುಗಾದಿ ಕಳೆದ ವಾರವೇ ನಾಟಿ ಅವರೆ ಬಿತ್ತಿದೆವು. ಯಜಮಾನರು ಬೇಲಿ ಆಚೆ ನಿಂತು ನೋಡುತ್ತಿದ್ದರು, ಏನೂ ಹೇಳಲಿಲ್ಲ. ಬಳ್ಳಿ ಹಬ್ಬಿತು. ಹಬ್ಬಿದ್ದೇ ಹಬ್ಬಿದ್ದು. ಚಪ್ಪರ ಮುಚ್ಚಿತು, ಬೇಲಿ ಹತ್ತಿತು, ಗುಡಿಯ ಕಡೆಗೆ ಹೊರಟಿತು. ಮೇ ಆಯಿತು, ಜೂನ್ ಆಯಿತು, ಜುಲೈ ಆಯಿತು, ಒಂದು ಹೂವಿಲ್ಲ. ನಾವು ಬೇವಿನೆಣ್ಣೆ ಹೊಡೆದೆವು, ಬೂದಿ ಎರಚಿದೆವು, ಇಂಟರ್‌ನೆಟ್ ನೋಡಿ ಹುಳಿಮಜ್ಜಿಗೆ ಕೂಡ ಸಿಂಪಡಿಸಿದೆವು. ಕಡೆಗೆ ನಾಚಿಕೆ ಬಿಟ್ಟು ಅವರನ್ನು ಕೇಳಿದೆ. ಅವರು ಎಲೆಯಡಿಕೆ ಉಗಿದು ಬಂದು ಹೇಳಿದರು: “ಅವ್ರೆ ಗಿಡಕ್ಕೆ ಹೊತ್ತು ಗೊತ್ತಾಯ್ತದೆ ಕಣವ್ವ. ನಿಮ್ಗೆ ಗೊತ್ತಾಗ್ನಿಲ್ಲ.”

ಆಮೇಲೆ ತಿಳಿದುಕೊಂಡೆ. ನಮ್ಮ ನಾಟಿ ಅವರೆ ಹಗಲು ಗಿಡ್ಡವಾಗುವುದನ್ನು ಕಾಯುವ ಬೆಳೆ. ಮೈಸೂರಿನಲ್ಲಿ ಜೂನ್ ತಿಂಗಳ ಹಗಲಿಗೂ ಡಿಸೆಂಬರ್ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೆ. ನಮಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಗಿಡಕ್ಕೆ ಬರುತ್ತದೆ. ಯಾವ ತಿಂಗಳು ಬಿತ್ತಿದರೂ ಅದು ಹೂ ಬಿಡುವುದು ಚಳಿ ಹತ್ತಿರ ಬಂದಾಗಲೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಈ ಕಾಯುವ ಗುಣ ತೆಗೆದು ‘ಹೆಬ್ಬಾಳ ಅವರೆ’ ಅಂತ ತಳಿಗಳನ್ನು ಕೊಟ್ಟಿದ್ದಾರೆ, ಎಚ್‌.ಎ. 3, ಎಚ್‌.ಎ. 4 ಅಂತ ಸಿಗುತ್ತವೆ. ಅವನ್ನು ವರ್ಷದಲ್ಲಿ ಯಾವಾಗ ಬೇಕಾದರೂ ಹಾಕಬಹುದು. ಸೊಗಡು ಮಾತ್ರ ನಾಟಿಯದ್ದಷ್ಟು ಇಲ್ಲ ಅನ್ನುವುದು ನನ್ನ ಮೂಗಿನ ಅಭಿಪ್ರಾಯ, ಯಾರ ಮೇಲೂ ಹೇರುವುದಿಲ್ಲ.

ಯಜಮಾನರು ಮಾರ್ಚಿಯಲ್ಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. “ನೀವು ಕೇಳ್ನಿಲ್ವಲ್ಲ” ಅಂದರು.

ಇನ್ನೊಂದು ಪೆಟ್ಟು ಬೋರ್ಡಿನಿಂದ ಬಿತ್ತು. ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರಿನಲ್ಲಿ ಟಾಡ್‌ಮರ್ಡನ್ ಅಂತ ಒಂದು ಊರಿದೆ. ಹದಿನೈದು ಸಾವಿರ ಜನ. 2008ರಲ್ಲಿ ಪ್ಯಾಮ್ ವಾರ್‌ಹರ್ಸ್ಟ್, ಮೇರಿ ಕ್ಲಿಯರ್ ಮತ್ತು ಇನ್ನು ಕೆಲವರು ಸೇರಿ ಅಲ್ಲಿ ‘ಇನ್‌ಕ್ರೆಡಿಬಲ್ ಎಡಿಬಲ್’ ಶುರುಮಾಡಿದರು. ಊರಿನ ಖಾಲಿ ಜಾಗದಲ್ಲೆಲ್ಲ ತಿನ್ನುವ ಗಿಡ. ರೈಲ್ವೆ ಸ್ಟೇಷನ್ನಿನಲ್ಲಿ ಸಾಂಬಾರ ಸೊಪ್ಪು, ಪೊಲೀಸ್ ಠಾಣೆ ಮುಂದೆ ಮುಸುಕಿನ ಜೋಳ, ಆಸ್ಪತ್ರೆ ಅಂಗಳದಲ್ಲಿ ಹಣ್ಣಿನ ಮರ. ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ಮೇರಿ ಕ್ಲಿಯರ್ ತಮ್ಮ ಮನೆ ಮುಂದಿನ ಗೋಡೆಯನ್ನೇ ಕೆಡವಿಸಿ, ಗುಲಾಬಿ ಇದ್ದ ಕಡೆ ತರಕಾರಿ ಹಾಕಿ, ದಾರಿಹೋಕರಿಗೆ ಬಿಟ್ಟುಕೊಟ್ಟರು. ಇದನ್ನು ವಿಡಿಯೋದಲ್ಲಿ ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಮಾರನೇ ದಿನವೇ ರಸ್ತೆ ಕಡೆಯ ಬೇಲಿಗೆ ಬೋರ್ಡ್ ಹಾಕಿಸಿದೆ: ‘ಬೇಕಾದವರು ಕಿತ್ತುಕೊಳ್ಳಿ’.

ಮೂರು ವಾರ ಒಬ್ಬರೂ ಮುಟ್ಟಲಿಲ್ಲ. ಬಿಟ್ಟಿ ಕೊಡುತ್ತಿದ್ದಾರೆ ಅಂದರೆ ಔಷಧಿ ಹೊಡೆದಿರಬೇಕು ಅಂತ ಒಬ್ಬರು, ಚುನಾವಣೆಗೆ ನಿಲ್ಲುತ್ತಾರಂತೆ ಅಂತ ಇನ್ನೊಬ್ಬರು. ನಾಲ್ಕನೇ ವಾರ ಒಂದು ಬೆಳಗ್ಗೆ ಹೋಗಿ ನೋಡಿದರೆ ಟೊಮೆಟೊ ಹಣ್ಣು ಇರಲಿಲ್ಲ. ಗಿಡವೂ ಇರಲಿಲ್ಲ. ಬೇರು ಸಮೇತ, ಊರುಗೋಲು ಸಮೇತ ಹೋಗಿತ್ತು. ಬೋರ್ಡಿನಲ್ಲಿ ಏನನ್ನು ಕಿತ್ತುಕೊಳ್ಳಬೇಕು ಅಂತ ಬರೆದಿರಲಿಲ್ಲವಲ್ಲ, ತಪ್ಪು ನನ್ನದೇ.

ಟಾಡ್‌ಮರ್ಡನ್ನಿನವರನ್ನು ನಾನು ಈಗಲೂ ಮೆಚ್ಚುತ್ತೇನೆ. ಆದರೆ ಅಲ್ಲಿ ನಡೆದದ್ದು ಆ ಊರಿನ ನಡವಳಿಕೆಗೆ ಒಗ್ಗಿದ್ದಕ್ಕೆ ನಡೆದದ್ದು. ನಮ್ಮಲ್ಲಿ ಬಿಟ್ಟಿ ಕೊಟ್ಟದ್ದಕ್ಕೆ ಎರಡೇ ಹೆಸರು, ದಾನ ಅಥವಾ ಪ್ರಸಾದ. ದಾನ ತೆಗೆದುಕೊಳ್ಳಲು ಮಾನ ಅಡ್ಡ ಬರುತ್ತದೆ. ಪ್ರಸಾದ ಅನ್ನುವುದಕ್ಕೆ ಅಲ್ಲಿ ದೇವರಿಲ್ಲ. ಮತ್ತೆ ನಮ್ಮಲ್ಲಿ ಕೈ ಬದಲಾಗುವುದು ಯಾವುದರಿಂದ? ಆಗ ನನಗೆ ನಮ್ಮಜ್ಜಿ ನೆನಪಾದಳು.

ನಾನು ಹುಟ್ಟಿದ್ದು ಕೃಷ್ಣರಾಜಪೇಟೆ ಕಡೆಯ ಒಂದು ಹಳ್ಳಿಯಲ್ಲಿ. ನಾಟಿ ಸಮಯ ಬಂತೆಂದರೆ ಅಜ್ಜಿ ಸಂಜೆ ಜಗುಲಿ ಮೇಲೆ ಕೂತು ಬೆರಳು ಎಣಿಸುತ್ತಿದ್ದಳು. “ಮೂಲೆಮನೆಗೆ ಎರಡಾಳು ಕೊಡ್ಬೇಕು. ಬಾವಿಮನೆಯಿಂದ ಒಂದಾಳು ಬರ್ಬೇಕು. ದೊಡ್ಡಟ್ಟಿಗೆ ಹೋದ್ವರ್ಸದ್ದೇ ಒಂದು ನಿಂತದೆ.” ಅಕ್ಷರ ಬರುತ್ತಿರಲಿಲ್ಲ, ಆದರೆ ಒಂದು ಆಳು ಆಚೀಚೆ ಆಗುತ್ತಿರಲಿಲ್ಲ. ಇದೇ ಮುಯ್ಯಿ. ನೀವು ನಮ್ಮ ಗದ್ದೆಗೆ ಒಂದು ದಿನ ಬಂದಿರಿ, ನಾವು ನಿಮ್ಮ ಗದ್ದೆಗೆ ಒಂದು ದಿನ ಬರುತ್ತೇವೆ. ದುಡ್ಡು ಆಡುವುದಿಲ್ಲ. ಕೆಲಸಕ್ಕೆ ಕರೆದ ಮನೆಯವರು ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಕೊಡಬೇಕು. ಸಾರು ನೀರಾಗಿದ್ದರೆ ಮುಂದಿನ ವರ್ಷದವರೆಗೂ ಅದರ ಮಾತು.

ಈ ಪದವೇ ನೋಡಿ ಎಷ್ಟು ಕಡೆ ಓಡಾಡುತ್ತದೆ. ಮದುವೆಯಲ್ಲಿ ಮುಯ್ಯಿ ಬರೆಸುತ್ತೇವೆ, ಅದಕ್ಕೊಂದು ಪುಸ್ತಕ ಇಟ್ಟುಕೊಂಡು, ನಾಳೆ ಅವರ ಮನೆ ಮದುವೆಗೆ ಅದನ್ನೇ ತೆಗೆದು ನೋಡಿ ಅಷ್ಟೇ ಓದಿಸುತ್ತೇವೆ. ಸೇಡು ತೀರಿಸಿಕೊಂಡರೂ ‘ಮುಯ್ಯಿ ತೀರಿಸಿಕೊಂಡ’ ಅನ್ನುತ್ತೇವೆ. ಒಳ್ಳೆಯದಾಗಲಿ, ಕೆಟ್ಟದಾಗಲಿ, ಬಾಕಿ ಇಟ್ಟುಕೊಳ್ಳಬಾರದು ಅಷ್ಟೆ. ಜಪಾನಿನ ಹಳ್ಳಿಗಳಲ್ಲೂ ಇದೇ ಪದ್ಧತಿ ಇದೆ, ಅವರು ಅದನ್ನು ‘ಯುಯಿ’ ಅನ್ನುತ್ತಾರೆ! ಶಿರಕಾವಾಗೋ ಅನ್ನುವ ಕಡೆ ದೊಡ್ಡ ದೊಡ್ಡ ಹುಲ್ಲು ಮಾಡಿನ ಮನೆಗಳಿವೆ, 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಂದು ಮನೆಗೆ ಹುಲ್ಲು ಹೊದಿಸಬೇಕಾದರೆ ಊರಿಗೆ ಊರೇ ಮಾಡು ಹತ್ತುತ್ತದೆ. ಯುಯಿ, ಮುಯ್ಯಿ. ಎರಡಕ್ಕೂ ನಂಟಿದೆ ಅಂತ ಯಾರೂ ಲೇಖನ ಬರೆಯಬೇಡಿ, ಕಿವಿಗೆ ಚೆನ್ನಾಗಿದೆ ಅಂತ ಹೇಳಿದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ‘ನಮ್ಮ ಹಿರಿಯರು ಎಷ್ಟು ಚೆನ್ನಾಗಿದ್ದರು’ ಅನ್ನುವ ಭಾಷಣ ಆಗಿಬಿಡುತ್ತದೆ. ಮುಯ್ಯಿ ಇದ್ದದ್ದು ಸಮಸಮದವರ ನಡುವೆ. ಯಾರಿಗೆ ತನ್ನದು ಅಂತ ಉಳುಮೆ ಇತ್ತೋ ಅವರಿಗೆ. ನೆಲವೇ ಇಲ್ಲದವರು ಇನ್ನೊಬ್ಬರ ಗದ್ದೆಗೆ ಇಳಿದರೆ ಅದು ಕೂಲಿ. ಅದಕ್ಕಿಂತ ಕೆಟ್ಟದಾಗಿ ಜೀತ. ಅವರ ಗದ್ದೆಗೆ ಯಾರು ವಾಪಸ್ಸು ಬರಬೇಕು, ಗದ್ದೆ ಇದ್ದರೆ ತಾನೆ? ನಮ್ಮಜ್ಜಿಯ ಬೆರಳ ಲೆಕ್ಕದಲ್ಲಿ ಕೇರಿಯ ಮನೆಗಳು ಬರುತ್ತಿರಲಿಲ್ಲ. ಅದು ನನಗೆ ಚಿಕ್ಕಂದಿನಲ್ಲಿ ಗೊತ್ತಾಗಲಿಲ್ಲ, ದೊಡ್ಡವಳಾದ ಮೇಲೆ ಗೊತ್ತಾಯಿತು.

ಈ ತಿಳಿವಳಿಕೆ ತೋಟಕ್ಕೆ ಹೇಗೆ ಬಂತು ಅಂದರೆ, ಎರಡನೇ ವರ್ಷ ‘ಎಲ್ಲರೂ ಸೇರಿ ಎಲ್ಲವನ್ನೂ ಬೆಳೆಯೋಣ’ ಅನ್ನುವುದನ್ನು ಕೈಬಿಟ್ಟೆವು. ಹನ್ನೆರಡು ಗುಂಟೆಯನ್ನು ಇಪ್ಪತ್ತನಾಲ್ಕು ಮಡಿ ಮಾಡಿದೆವು. ಅರ್ಧರ್ಧ ಗುಂಟೆ, ಅಂದಾಜು ಐನೂರ ನಲವತ್ತು ಚದರಡಿ, ಮನೆಗೊಂದು. ಉಳಿದದ್ದು ದಾರಿ, ತಿಪ್ಪೆ, ಬಳ್ಳಿ ಚಪ್ಪರ. ನಿಮ್ಮ ಮಡಿಯಲ್ಲಿ ನೀವು ಒಬ್ಬರೇ ಕೆಲಸ ಮಾಡುವಂತಿಲ್ಲ. ಭಾನುವಾರ ಎಲ್ಲರೂ ಸೇರಿ ಎರಡು ಮಡಿಗೆ ಇಳಿಯಬೇಕು. ಆ ಎರಡು ಮನೆಯವರು ತಿಂಡಿ ತರಬೇಕು. ಯಾರು ಬಂದರು ಅಂತ ಪುಸ್ತಕದಲ್ಲಿ ಬರೆಯಬೇಕು, ಅವರ ಮಡಿಯ ಸರದಿಗೆ ಹೋಗಿ ತೀರಿಸಬೇಕು. ಬೇಲಿ, ತಿಪ್ಪೆ, ಬಾವಿಯ ಕೆಲಸ ಮಾಡಿದರೆ ತೋಟವೇ ನಿಮಗೆ ಬಾಕಿ, ಚಪ್ಪರದ ಕಾಯಿಯಲ್ಲಿ ಪಾಲು.

ಪುಸ್ತಕ ತಂದ ದಿನ ಒಬ್ಬರು, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಸಿಟ್ಟಾದರು. “ಪ್ರೀತಿಯಿಂದ ಮಾಡುವ ಕೆಲಸಕ್ಕೆ ಹಾಜರಿ ಪುಸ್ತಕವೇ?” ಅಂದರು. ಅವರು ಹೇಳುವುದರಲ್ಲೂ ಒಂದು ನ್ಯಾಯ ಇತ್ತು. ಆದರೆ ಮದುವೆ ಮನೆಯ ಮುಯ್ಯಿ ಪುಸ್ತಕವನ್ನು ಯಾರೂ ಪ್ರೀತಿಗೆ ವಿರೋಧ ಅಂತ ಹೇಳುವುದಿಲ್ಲವಲ್ಲ. ಪುಸ್ತಕ ಬಂದ ಮೇಲೆ ಆದ ಬದಲಾವಣೆ ಏನು ಗೊತ್ತಾ? ಜನ ಬರದೇ ಇದ್ದಾಗ ಫೋನ್ ಮಾಡಿ ‘ದಯವಿಟ್ಟು ಬನ್ನಿ’ ಅಂತ ಗೋಗರೆಯುವುದು ನಿಂತಿತು. ಬಾಕಿ ಇರುವವರು ಅವರಾಗಿಯೇ ಫೋನ್ ಮಾಡತೊಡಗಿದರು. “ಮೇಡಂ, ಈ ವಾರ ಆಗಲ್ಲ, ಮುಂದಿನ ವಾರ ಎರಡು ಸಲ ಬರ್ತೀನಿ.” ಸಿಟ್ಟಾದವರು ಈಗ ಪುಸ್ತಕದ ಉಸ್ತುವಾರಿ. ಕೆಂಪು ಶಾಯಿ, ನೀಲಿ ಶಾಯಿ ಬೇರೆ ಬೇರೆ ಇಟ್ಟಿದ್ದಾರೆ.

ತಿಪ್ಪೆ ಅಂದೆ. ಮೊದಲು ನಾವು ‘ಕಾಂಪೋಸ್ಟ್ ಯೂನಿಟ್’ ಅನ್ನುತ್ತಿದ್ದೆವು. ಯಜಮಾನರು ಕೇಳಿದರು, “ತಿಪ್ಪೆ ಅನ್ನಾಕೆ ನಾಚ್ಕೆ ಯಾಕವ್ವ? ದೀಪಾವಳೀಲಿ ದೀಪ ಇಡ್ತೀವಿ ಅದ್ಕೆ.” ಅವತ್ತಿನಿಂದ ತಿಪ್ಪೆ. ತಿಪ್ಪೆ ಹೋಗಿ ಉಪ್ಪರಿಗೆ ಆಗುತ್ತೆ ಅಂತ ಗಾದೆ ಇದೆ. ನಮ್ಮ ಬಡಾವಣೆ ಎದ್ದದ್ದೇ ಊರಿನವರ ತಿಪ್ಪೆಗಳ ಮೇಲೆ. ನಾವು ಒಂದನ್ನು ವಾಪಸ್ಸು ತಂದೆವು ಅಂದುಕೊಳ್ಳಿ.

ತಂದದ್ದು ಸುಲಭವಾಗಿ ಏನಲ್ಲ. ಪಕ್ಕದ ರಸ್ತೆಯ ಛತ್ರವೊಂದರಲ್ಲಿ ಮದುವೆ ಮುಗಿದಾಗ ಉಳಿದ ಅನ್ನ, ಹುಳಿ, ಪಾಯಸ ಮೂರು ಡ್ರಮ್ಮು ತಂದು ಸುರಿದೆವು. ಆಹಾರ ವ್ಯರ್ಥವಾಗಬಾರದು ಅಂತ ಪುಣ್ಯದ ಲೆಕ್ಕ. ಎರಡು ದಿನಕ್ಕೆ ಹುಳಿ ವಾಸನೆ, ನಾಲ್ಕನೇ ದಿನಕ್ಕೆ ಹೇಳಲಾರದ ವಾಸನೆ. ಬಿಳಿ ಹುಳ ಕುದಿಯುತ್ತಿತ್ತು, ಆರು ಬೀದಿ ನಾಯಿ ಕಾವಲು. ಅಪಾರ್ಟ್‌ಮೆಂಟಿನವರು ದೂರು ಕೊಟ್ಟರು, ಕೊಡಬೇಕಾದ್ದೇ. ಅವತ್ತು ಗೊತ್ತಾಯಿತು, ತಿಪ್ಪೆಗೆ ಹಸಿವು ಇರುವುದು ಒಣ ಎಲೆಯದ್ದು. ಅಡಿಗೆಮನೆ ಕಸದಲ್ಲಿ ಸಾರಜನಕ ಹೆಚ್ಚು, ನೀರು ಹೆಚ್ಚು. ಒಣ ಎಲೆಯಲ್ಲಿ ಇಂಗಾಲ. ಒಂದು ಪಾಲು ಸಾರಜನಕಕ್ಕೆ ಮೂವತ್ತು ಪಾಲು ಇಂಗಾಲ ಇದ್ದರೆ ಕೊಳೆಸುವ ಜೀವಾಣುಗಳಿಗೆ ಹದವಾಗಿರುತ್ತದೆ. ಗಾಳಿ ಆಡದಿದ್ದರೆ ನಾರುವ ಜಾತಿಯವು ಬಂದು ಕೂರುತ್ತವೆ. ಲೆಕ್ಕ ತಲೆ ತಿನ್ನುತ್ತದೆ ಅಂತ ನಾವು ಬುಟ್ಟಿಯ ಲೆಕ್ಕ ಮಾಡಿಕೊಂಡೆವು. ಒಂದು ಬುಟ್ಟಿ ಹಸಿ ಕಸ ಹಾಕಿದರೆ ಎರಡು ಬುಟ್ಟಿ ಎಲೆ, ಮೇಲೆ ಒಂದು ಹಿಡಿ ಹಳೇ ಗೊಬ್ಬರ, ಹೆಪ್ಪಿಗೆ ಮಜ್ಜಿಗೆ ಹಾಕಿದ ಹಾಗೆ. ಅನ್ನ, ಪಾಯಸ ತೋಟದ ಗೇಟು ದಾಟುವಂತಿಲ್ಲ.

ಎಲೆಗೆ ಬರವಿಲ್ಲ. ನಮ್ಮ ರಸ್ತೆಯ ಹೊಂಗೆ, ಮಳೆಮರ ಉದುರಿಸುವುದೇ ಸಾಕಷ್ಟು. ಅದನ್ನು ರಸ್ತೆ ಬದಿಯಲ್ಲಿ ಸುಡುತ್ತಿದ್ದರು. ಘನತ್ಯಾಜ್ಯ ನಿಯಮದ ಪ್ರಕಾರ ಸುಡುವಂತಿಲ್ಲ, ಆದರೆ ಹೊತ್ತುಕೊಂಡು ಎಲ್ಲಿಗೆ ಹೋಗಬೇಕು ಅಂತ ಗುಡಿಸುವವರನ್ನು ಯಾರು ಕೇಳಿದರು? ಈಗ ಪೌರಕಾರ್ಮಿಕರು ಚೀಲ ತುಂಬಿ ಗೇಟಿನ ಹತ್ತಿರ ಇಡುತ್ತಾರೆ. ಅದಕ್ಕೂ ಪುಸ್ತಕದಲ್ಲಿ ಬರೆಯುತ್ತೇವೆ, ಅವರ ಪಾಲು ವಾರಕ್ಕೊಮ್ಮೆ ಸೊಪ್ಪು, ಕಾಯಿಯಾಗಿ ಹೋಗುತ್ತದೆ. ಈ ನಗರ 2015, 2016ರಲ್ಲಿ ದೇಶದ ಸ್ವಚ್ಛ ನಗರ ಅನ್ನಿಸಿಕೊಂಡಿತು ಅಂತ ನಾವೆಲ್ಲ ಹೆಮ್ಮೆ ಪಟ್ಟೆವಲ್ಲ, ಗುಡಿಸಿದ್ದು ನಾವಲ್ಲ. ಗುಡಿಸಿದ್ದೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕಾದರೆ ವಿದ್ಯಾರಣ್ಯಪುರದ ಸೂಯೆಜ್ ಫಾರಂ ಕಡೆ ಒಮ್ಮೆ ಗಾಳಿ ಬೀಸುವ ದಿನ ಹೋಗಿ ಬನ್ನಿ.

ತಿಪ್ಪೆ ಚೆನ್ನಾಗಿ ಕುಳಿತಾಗ ಏನಾಗುತ್ತದೆ ಅಂತ ಒಂದು ಸಲ ನೋಡಬೇಕು ನೀವು. ಸೊಂಟದೆತ್ತರದ ಗುಡ್ಡೆ, ಉದ್ದ ಅಗಲ ಮೂರು ಮೂರು ಅಡಿಗೆ ಕಡಿಮೆ ಇರಬಾರದು, ಇದ್ದರೆ ಕಾವು ಹಿಡಿಯುವುದಿಲ್ಲ. ಹೊಸ ಗುಡ್ಡೆಯ ನಡುವೆ ಒಂದು ಕಬ್ಬಿಣದ ಸರಳು ಚುಚ್ಚಿ ಬಿಡುತ್ತೇವೆ. ಮೂರನೇ ದಿನ ಸರಳು ಎಳೆದು ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದೆ, ಅಷ್ಟು ಬಿಸಿ. ಐವತ್ತೈದು, ಅರವತ್ತು ಡಿಗ್ರಿ. ಬೆಂಕಿ ಇಲ್ಲ, ಕರೆಂಟಿಲ್ಲ, ಕಣ್ಣಿಗೆ ಕಾಣದ ಜೀವಿಗಳು ಉಣ್ಣುವ ಬಿಸಿ. ಆ ಬಿಸಿಗೆ ಕಳೆ ಬೀಜ ಸಾಯುತ್ತದೆ. ಧನುರ್ಮಾಸದ ಬೆಳಗ್ಗೆ ಮಗುಚಲು ಹೋದರೆ ಒಳಗಿಂದ ಹಬೆ ಏಳುತ್ತದೆ, ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ. ಒಬ್ಬ ಹುಡುಗ, ಆರನೇ ಕ್ಲಾಸಿನವನು, ಅದರ ಮೇಲೆ ಕೈ ಕಾಯಿಸಿಕೊಳ್ಳುತ್ತಿದ್ದ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು, ಧಾರೆ ಬಂದರೆ ನೀರು ಹೆಚ್ಚು, ಬರದೇ ಹೋದರೆ ಕಡಿಮೆ. ಎರಡೂವರೆ ಮೂರು ತಿಂಗಳಿಗೆ ಬಾಳೆ ಸಿಪ್ಪೆ ಯಾವುದು, ಎಲೆ ಯಾವುದು ಗೊತ್ತಾಗುವುದಿಲ್ಲ. ಮೊದಲ ಮಳೆಯ ವಾಸನೆ ಬರುತ್ತದೆ. ಅದು ಬಂದ ದಿನ ಇನ್ನು ಬೇರೆ ಪರೀಕ್ಷೆ ಬೇಕಿಲ್ಲ.

ಆ ಗೊಬ್ಬರದಲ್ಲಿ ದಂಟು, ಮೆಂತ್ಯ ಇಪ್ಪತ್ತೈದು ಮೂವತ್ತು ದಿನಕ್ಕೆ ಕೀಳಲು ಬರುತ್ತವೆ. ಸಬ್ಬಸಿಗೆ, ಬಸಳೆ, ಹೀರೆ, ಪಡವಲ, ಅಲಸಂದೆ ಎಲ್ಲ ಇವೆ. ಕೆಸು ಮತ್ತು ಹೊನಗೊನೆ ಬಾವಿಯ ಮಗ್ಗುಲಲ್ಲಿ ತಾವಾಗಿಯೇ ಬಂದವು. ನವಿಲುಗಳು ಮೊಳಕೆ ತಿನ್ನುತ್ತವೆ, ಅವಕ್ಕೆ ಪುಸ್ತಕದಲ್ಲಿ ಹೆಸರಿಲ್ಲ. ಪುಷ್ಯ ಮಳೆ ಹೊತ್ತಿಗೆ ಈಗ ಅವರೆ ಹಾಕುತ್ತೇವೆ, ಕೇಳಿಕೊಂಡು.

ಇದರಿಂದ ಬಡಾವಣೆಗೆ ಊಟ ಆಗುತ್ತದೆಯೇ? ಇಲ್ಲ. ಇಪ್ಪತ್ನಾಲ್ಕು ಮನೆಗೆ ಸೊಪ್ಪು ಆಗುತ್ತದೆ, ಕಾಯಿ ಕೆಲವು ತಿಂಗಳು ಆಗುತ್ತದೆ. ಈರುಳ್ಳಿ, ಆಲೂಗೆಡ್ಡೆ, ಅಕ್ಕಿ ಅಂಗಡಿಯಿಂದಲೇ. ಊರೂರು ಹೀಗೆ ಬೆಳೆದುಕೊಂಡರೆ ಆಹಾರದ ಸಮಸ್ಯೆ ಮುಗಿಯಿತು ಅನ್ನುವವರು ಕ್ಯೂಬಾದ ಉದಾಹರಣೆ ಕೊಡುತ್ತಾರೆ. ಹೌದು, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಕ್ಯೂಬಾಕ್ಕೆ ಬರುತ್ತಿದ್ದ ಡೀಸೆಲ್ಲು, ಗೊಬ್ಬರ ನಿಂತುಹೋಯಿತು. ಹವಾನಾದ ಖಾಲಿ ಸೈಟುಗಳಲ್ಲಿ ಸಿಮೆಂಟ್ ಅಂಚು ಕಟ್ಟಿ, ಮಣ್ಣಿಗೆ ಕಾಂಪೋಸ್ಟ್ ಬೆರೆಸಿ ತರಕಾರಿ ಬೆಳೆದರು, ‘ಆರ್ಗನೊಪೊನಿಕೊ’ ಅನ್ನುತ್ತಾರೆ. ಆದರೆ ಅದು ಹಸಿದವರು ಮಾಡಿದ ಕೆಲಸ. ಹಿಂದೆ ಸರ್ಕಾರ ನಿಂತಿತ್ತು, ನೆಲ ಕೊಟ್ಟಿತ್ತು. ಅಲ್ಲಿ ದುಡಿದವರಲ್ಲಿ ಬಹಳ ಮಂದಿಗೆ ಅದೇ ಉದ್ಯೋಗವಾಗಿತ್ತು, ಭಾನುವಾರದ ಹವ್ಯಾಸವಲ್ಲ. ಬೆಂಗಳೂರಿನಲ್ಲಿ ತಾರಸಿ ತೋಟದವರು 2011ರಿಂದ ‘ಊಟ ಫ್ರಮ್ ಯುವರ್ ತೋಟ’ ಅಂತ ಸಂತೆ ನಡೆಸಿದ್ದಾರೆ, ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ಸಾವಿರಾರು ಮನೆಗಳಿಗೆ ಕುಂಡದಲ್ಲಿ ಬೆಳೆಯುವುದು ಕಲಿಸಿದರು. ಅದು ಒಳ್ಳೆಯ ಕೆಲಸ. ಆದರೆ ತಾರಸಿ ನಿಮ್ಮದು, ಕುಂಡ ನಿಮ್ಮದು. ಪಕ್ಕದ ಮನೆಯವರು ಯಾರು ಅಂತ ಗೊತ್ತಿಲ್ಲದೆಯೂ ಟೊಮೆಟೊ ಬೆಳೆಯಬಹುದು.

ನಮ್ಮಲ್ಲಿ ವಾರದ ದಿನ ನೀರು ಬಿಡುವುದು, ಬೆಳಗ್ಗೆ ಸಂಜೆ ನೋಡಿಕೊಳ್ಳುವುದು ಹಳೇ ಊರಿನ ಒಬ್ಬ ಅಕ್ಕ. ತ್ರೀಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಮೋಟಾರು ಹಾಕಬೇಕು, ಅದು ಭಾನುವಾರದವರಿಂದ ಆಗುವ ಕೆಲಸವಲ್ಲ. ಮೊದಲು ಕೆಲವರು “ಅವರೂ ಸ್ವಯಂಸೇವಕರೇ, ಗೌರವಧನ ಕೊಡೋಣ” ಅಂದರು. ಗೌರವಧನ ಅನ್ನುವುದು ಕೂಲಿಗಿಂತ ಕಡಿಮೆ ಕೊಡುವಾಗ ಬಳಸುವ ಪದ ಅಂತ ನನ್ನ ಅನುಭವ. ಜಗಳ ಆಡಿ ಪೂರ್ತಿ ಕೂಲಿ ಗೊತ್ತುಮಾಡಿಸಿದೆ. ಅದರ ಮೇಲೆ ಆಕೆಗೂ ಒಂದು ಮಡಿ. ಆಕೆಯ ಸರದಿ ಬಂದಾಗ ಡಾಕ್ಟರು, ಲೆಕ್ಚರರು ಎಲ್ಲ ಹೋಗಿ ಆಕೆಯ ಬದನೆಗೆ ಮಣ್ಣು ಏರಿಸಬೇಕು. ಅವತ್ತು ಆಕೆ ತರುವ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಗೆ ಹಾಜರಿ ಹೆಚ್ಚು ಅನ್ನುವುದು ಪುಸ್ತಕದಲ್ಲೇ ಕಾಣುತ್ತದೆ.

ಈಗ ನೆಲದ ವಿಚಾರ. ಮೊದಲ ದಿನ ಯಜಮಾನರು ಬರವಣಿಗೆ ಅಂದ ಕೂಡಲೇ ಎದ್ದು ನಿಂತುಬಿಟ್ಟರು. “ಏಳ್ನೇ ನಂಬರ್ ಫಾರಂ ಹಾಕ್ಬುಟ್ರೆ ನಾನೇನ್ ಮಾಡ್ಲಿ ತಾಯಿ?” ಕಿರಿಯರಿಗೆ ಅರ್ಥವಾಗಲಿಕ್ಕಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆ ತಿದ್ದುಪಡಿ ಬಂದಾಗ ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ನಮ್ಮಜ್ಜಿಯ ಮನೆಗೆ ಸ್ವಂತ ನೆಲ ಅಂತ ಬಂದದ್ದೇ ಆ ಅರ್ಜಿಯಿಂದ, ಅಲ್ಲಿಯವರೆಗೆ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಉಳುತ್ತಿದ್ದರು. ಆ ಕಾನೂನಿಗೆ ನಾನು ಋಣಿ. ಅದೇ ಕಾನೂನು ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನೂ ನಿರ್ಬಂಧಿಸಿತು, ಹಾಗಾಗಿ ಹಳಬರಿಗೆ ನೆಲವನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಇವತ್ತಿಗೂ ಎದೆ ಡವಡವ. ಎದುರು ಕೂತ ನಾನು ಏಳನೇ ಫಾರಮ್ಮಿನ ಮೊಮ್ಮಗಳು, ಅವರ ಭಯ ಸುಳ್ಳು ಅಂತ ಯಾವ ಬಾಯಲ್ಲಿ ಹೇಳಲಿ? ಕೊನೆಗೆ ಗೇಣಿಯೂ ಇಲ್ಲ, ಗುತ್ತಿಗೆಯೂ ಇಲ್ಲ, ಅವರ ಮಾತಿನ ಮೇಲೆ ನಿಂತಿದ್ದೇವೆ. ಅವರಿಗೂ ಒಂದು ಮಡಿ ಇದೆ, ಅವರ ಮನೆಯೂ ಪುಸ್ತಕದಲ್ಲಿದೆ.

ಮಾತಿನ ಮೇಲೆ ನಿಂತ ತೋಟಕ್ಕೆ ಎಷ್ಟು ಆಯಸ್ಸು ಅಂತ ನನಗೂ ಭಯ ಇದೆ. ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಅನ್ನುವ ಹೆಣ್ಣುಮಗಳು ಗೆಳೆಯರ ಜೊತೆ ಬೌವರಿ, ಹ್ಯೂಸ್ಟನ್ ರಸ್ತೆ ಸೇರುವ ಮೂಲೆಯ ಪಾಳು ಸೈಟಿನ ಕಸ ತೆಗೆದು ತರಕಾರಿ ಮಡಿ ಮಾಡಿದಳು. ಮಾರನೇ ವರ್ಷ ನಗರದವರು ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಒಪ್ಪಿದರು. ಅದನ್ನು ನೋಡಿ ನೂರಾರು ತೋಟಗಳಾದವು. ಪಾಳು ಬಿದ್ದ ರಸ್ತೆಗಳು ಚೆನ್ನಾದವು, ಚೆನ್ನಾದದ್ದಕ್ಕೇ ಸೈಟಿನ ಬೆಲೆ ಏರಿತು. 1999ರಲ್ಲಿ ಅಲ್ಲಿನ ಮೇಯರು ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಇಟ್ಟರು. ಎರಡು ಸಂಸ್ಥೆಗಳು ದುಡ್ಡು ಸೇರಿಸಿ ಕೊಂಡು ಉಳಿಸಿದವು. ನಮ್ಮ ಕಡೆ ಹಾಗೆ ಕೊಳ್ಳುವವರು ಯಾರೂ ಕಾಣುವುದಿಲ್ಲ. ಯಜಮಾನರ ಮಕ್ಕಳಿಗೆ ಸೈಟು ಮಾಡುವ ಆಸೆ ಇದೆ, ಇದ್ದರೆ ತಪ್ಪೇನು? ಅಡ್ಡರಸ್ತೆಯಲ್ಲಿ ಚದರಡಿಗೆ ಏನು ರೇಟಿದೆ ಅಂತ ಇಲ್ಲಿರುವ ನಿಮಗೆಲ್ಲ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಹಿಂದಿನ ಸಾಲಿನಿಂದ ಒಬ್ಬರು ಕೇಳಿದ್ದನ್ನು ಇಲ್ಲಿ ಸೇರಿಸುತ್ತೇನೆ. “ಬಾಕಿ ಇಟ್ಟುಕೊಂಡವರು ತೀರಿಹೋದರೆ ಏನು ಮಾಡುತ್ತೀರಿ?” ಸ್ವಲ್ಪ ನಗು ಎದ್ದಿತು. ಅದು ನಡೆದಿದೆ. ಹೋದ ವರ್ಷ ನಮ್ಮ ಹಿರಿಯರೊಬ್ಬರು ನಿದ್ದೆಯಲ್ಲೇ ಹೋದರು. ಅವರ ಹೆಸರಿನ ಮುಂದೆ ಎರಡು ಆಳು ಇತ್ತು. ಪುಸ್ತಕದವರು ಅದಕ್ಕೆ ಗೆರೆ ಎಳೆಯಲು ಹೋಗಿ, ಕೈ ಬರದೆ, ಹಾಗೇ ಬಿಟ್ಟಿದ್ದರು. ತಿಂಗಳ ತಿಥಿ ಕಳೆದ ಮೇಲೆ ಒಂದು ಭಾನುವಾರ ಅವರ ಸೊಸೆ ಬಂದಳು. ಐ.ಟಿ. ಕಂಪನಿಯ ಹುಡುಗಿ, ಅಲ್ಲಿಯವರೆಗೆ ಒಂದು ದಿನವೂ ತೋಟದ ಕಡೆ ತಲೆ ಹಾಕಿರಲಿಲ್ಲ. “ಮಾವ ಯಾರಿಗೋ ಎರಡು ದಿನ ಕೊಡಬೇಕು ಅಂತ ಹೇಳ್ತಿದ್ರು. ಯಾರಿಗೆ ಆಂಟಿ?” ಪುಸ್ತಕ ನೋಡಿ ತೋರಿಸಿದೆವು. ಒಂದು ದಿನ ಬಾಳೆ ಬುಡ ಬಿಡಿಸಿದಳು, ಇನ್ನೊಂದು ದಿನ ಕಳೆ ಕಿತ್ತಳು. ಕಳೆ ಅಂತ ಅರ್ಧ ಸಾಲು ಕೊತ್ತಂಬರಿಯನ್ನೂ ಕಿತ್ತಳು. ಲೆಕ್ಕ ಚುಕ್ತಾ ಆಯಿತು ಅಂತ ಪುಸ್ತಕದವರು ಹೇಳಿದಾಗ, “ಮಾವನ ಮಡಿ ಯಾವುದು?” ಅಂದಳು. ನಮ್ಮ ಪುಸ್ತಕದಲ್ಲಿ ಬರೆಯುವುದು ಮನೆಯ ಹೆಸರು, ಆಳಿನ ಹೆಸರಲ್ಲ. ಈಗ ಆಕೆಗೆ ನಾನೇ ಒಂದು ಆಳು ಬಾಕಿ.

ಅದನ್ನು ಮುಂದಿನ ಭಾನುವಾರ ತೀರಿಸುತ್ತೇನೆ. ಬೆಳಗ್ಗೆ ಆರೂವರೆಗೆ. ಆಮೇಲೆ ತಿಪ್ಪೆ ಮಗುಚುವುದೂ ಇದೆ. ಸಲಿಕೆ ನಾಲ್ಕೇ ಇವೆ, ಮನೆಯಲ್ಲಿ ಇದ್ದರೆ ಹಿಡಿಗೆ ಹೆಸರು ಬರೆದುಕೊಂಡು ತನ್ನಿ. ಹೋದ ಸಲ ಅದಲುಬದಲಾಗಿ ಒಂದು ಇನ್ನೂ ಸಿಕ್ಕಿಲ್ಲ.